ಲೂಯಿ ಪಾಶ್ಚರನೂ ರೇಷ್ಮೆಯ ಹುಳುವೂ

ಶಿಡ್ಲಘಟ್ಟ, ಚಿಂತಾಮಣಿ ಸೀಮೆಗಳ ನಮ್ಮ ವಾಚಕರಿಗೆ ಹುಳುಮನೆಯ ಸುಖದುಃಖಗಳನ್ನು ನಾವು ತಿಳಿಸಬೇಕಾದದ್ದಿಲ್ಲ. ನಾಲ್ಕನೆಯ ಜ್ವರವೆದ್ದ ಹುಳುಗಳು ಚಂದ್ರಿಕೆಗೆ ಏರುವ ಮುಂಚೆಯೇ ಸತ್ತುಹೋದರೆ, ಒಂದು ಮನೆಯವರ ದುಡಿಮೆಯೂ ಸಾಲ ತಂದ ಹಣವೂ ತಿಪ್ಪೆಗೆ ಸೇರುವವು. ಹುಳುವಿನ ರೋಗಗಳೊಳಗೆ ಗಂಟುರೋಗವು ಅತಿ ಘೋರವಾದದ್ದು. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವದು. ಅದನ್ನು ತಡೆಯುವ ಉಪಾಯವನ್ನು ಲೋಕಕ್ಕೆ ಕಲಿಸಿದವನು, ಅದಕ್ಕೆ ಮುಂಚೆ ಒಂದು ಹುಳುವನ್ನಾದರೂ ಸಾಕಿ ನೋಡದಿದ್ದ ಒಬ್ಬ ಪಂಡಿತನು.

ಲೂಯಿ ಪಾಶ್ಚರನು 1822ನೆಯ ಇಸವಿ ದಶಂಬರ 27ರಂದು ಫ್ರಾನ್ಸ್ ದೇಶದ ದೋಲ್ ಎಂಬ ಊರಲ್ಲಿ ಹುಟ್ಟಿದನು. ತಂದೆಯು ತೊಗಲು ಹದಮಾಡಿ ಜೀವಿಸುವವನು. ಹುಡುಗನು ರಸಾಯನಶಾಸ್ತ್ರವನ್ನು ಕಲಿತು ಉಪಾಧ್ಯಾಯನಾದನು. ಹಾಲು ಹುಳಿಯಾಗುವದಕ್ಕೂ ದ್ರಾಕ್ಷಾರಸವು ಹುದುಗುವದಕ್ಕೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿ ಹೆಸರು ಪಡೆದನು.

ಆ ಕಾಲದಲ್ಲಿ ಫ್ರಾನ್ಸಿನ ದಕ್ಷಿಣ ಸೀಮೆಯ ರೇಷ್ಮೆ ರೈತರು ಹಾಳಾಗುತ್ತಲಿದ್ದರು. 1853ರಲ್ಲಿ 2 ಕೋಟಿ 60 ಲಕ್ಷ ಕಿಲೋಗ್ರಾಮು ಬಂದ ಗೂಡು 1865ರಲ್ಲಿ 40 ಲಕ್ಷಕ್ಕೆ ಇಳಿಯಿತು. ಹುಳುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಏಳುತ್ತಿದ್ದವು. ಆ ದಶಕದಲ್ಲೇ ನಮ್ಮ ಮೈಸೂರು ಸೀಮೆಯಲ್ಲಿಯೂ ಹುಳುಗಳು ಸಾಯುತ್ತಿದ್ದದರಿಂದ, ಡಿ ವೆಕ್ಕಿ ಎಂಬ ಇಟಲಿಯವನು ಜಪಾನಿನಿಂದ ಮೊಟ್ಟೆಗಳನ್ನು ತರಿಸಿದನು.

ಪಾಶ್ಚರನ ಗುರುವಾದ ದ್ಯೂಮಾ ಎಂಬವನು ಅವನನ್ನು ಅಲೆ ಎಂಬ ಪಟ್ಟಣಕ್ಕೆ ಹೋಗೆಂದು ಬೇಡಿಕೊಂಡನು. ತನಗೆ ಹುಳುವಿನ ವಿಷಯ ಏನೂ ತಿಳಿಯದೆಂದು ಅವನು ಹೇಳಿದರೂ ಗುರುವು ಬಿಡಲಿಲ್ಲ. ದಾರಿಯಲ್ಲಿ ಕೀಟಶಾಸ್ತ್ರಜ್ಞನಾದ ಫಾಬ್ರನ ಮನೆಗೆ ಹೋಗಿ ಒಂದು ಗೂಡನ್ನು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನಾದರೂ ಇದೆಯೋ ಎಂದು ಬೆರಗಾಗಿ ಕೇಳಿದನಂತೆ. ನಮ್ಮ ಮನೆಗಳ ಚಿಕ್ಕ ಮಕ್ಕಳಾದರೂ ಹಾಗೆ ಕೇಳಲಾರರು.

ಸತ್ತ ಹುಳುಗಳಲ್ಲಿ ಹೊಳೆಯುವ ಸಣ್ಣ ಕಣಗಳಿರುವದನ್ನು ಬೇರೆಯವರು ಮುಂಚೆಯೇ ಕಂಡಿದ್ದರು. ಅವು ರೋಗದ ಫಲವೇ ಹೊರತು ಕಾರಣವಲ್ಲವೆಂದು ಪಾಶ್ಚರನು ಮೊದಲು ಎಣಿಸಿ ತಪ್ಪಿದನು. ಈ ತಪ್ಪು ತಿದ್ದುವದಕ್ಕೆ ಸುಮಾರು 2 ವರುಷ ಹಿಡಿಯಿತು. ಆ ದಿನಗಳು ದುಃಖದ ದಿನಗಳಾಗಿದ್ದವು: 1865ರಲ್ಲಿ ತಂದೆಯೂ 2 ವರುಷದ ಮಗಳೂ, ಮರುವರುಷ 12 ವರುಷದ ಇನ್ನೊಬ್ಬ ಮಗಳೂ ತೀರಿಹೋದರು. ಹೆಂಡತಿಯೂ ಉಳಿದ ಮಗಳೂ ಅಲೆಯ ಹತ್ತಿರ ಒಂದು ಮನೆಯಲ್ಲಿ ಅವನ ಜತೆ ಸೊಪ್ಪು ಕೊಯ್ದು ಹುಳುಗಳನ್ನು ಸಾಕಿದರು.

ಕೊನೆಗೆ ಅವನು ಕಂಡದ್ದು ಇಷ್ಟೇ: ಮೊಟ್ಟೆಯಲ್ಲಿಯೂ ಎಳೆಯ ಹುಳುವಿನಲ್ಲಿಯೂ ಆ ಕಣಗಳು ಕಾಣದೆ ಇರಬಹುದು, ಚಿಟ್ಟೆಯಲ್ಲಿ ಅಡಗಲಾರವು. ಆದಕಾರಣ ಒಂದೊಂದು ತಾಯಿ ಚಿಟ್ಟೆಯನ್ನು ಬೇರೆಬೇರೆ ಬಟ್ಟೆಯ ತುಂಡಿನ ಮೇಲೆ ಮೊಟ್ಟೆಯಿಡಿಸಿ, ಅನಂತರ ಆ ಚಿಟ್ಟೆಯನ್ನು ನೀರಲ್ಲಿ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಣ ಕಂಡರೆ ಮೊಟ್ಟೆಗಳನ್ನು ಸುಡಬೇಕು, ಕಾಣದಿದ್ದರೆ ಬಿತ್ತನೆಗೆ ಇಡಬೇಕು. ಸಪ್ಪೆರೋಗವು ಇದರಿಂದ ಬೇರೆಯೆಂದೂ ಅವನು ತೋರಿಸಿದನು.

1868ರ ಅಕ್ಟೋಬರಿನಲ್ಲಿ ಅವನ ಮೈಯ ಎಡಭಾಗವು ಪಾರ್ಶ್ವವಾಯುವಿನಿಂದ ಬಿದ್ದುಹೋಯಿತು. ಆಗ ಅವನಿಗೆ 45 ವರುಷ. ಮೂರು ತಿಂಗಳಲ್ಲಿ ಅವನು ತಿರಿಗಿ ಹುಳುಮನೆಗೆ ಹೊರಟನು! ಮೊಟ್ಟೆ ಮಾರುವ ವರ್ತಕರು ಅವನ ಉಪಾಯವನ್ನು ಹಳಿಯುತ್ತಲಿದ್ದರು; ಪರೀಕ್ಷೆ ಬಂದರೆ ಅವರ ಮಾಲು ಹೋಗದಲ್ಲಾ. 1869ರಲ್ಲಿ ಲಿಯೋನ್ ಪಟ್ಟಣದ ರೇಷ್ಮೆ ಸಂಘದವರು ಅವನಿಂದ ಮೊಟ್ಟೆ ತರಿಸಿದರು. ಇದು ಬೆಳೆಯುವದು, ಇದು ಗಂಟುರೋಗದಿಂದಲೂ ಇದು ಸಪ್ಪೆರೋಗದಿಂದಲೂ ಇದು ಎರಡರಿಂದಲೂ ಸಾಯುವದು ಎಂದು ಅವನು ಮುಂಚೆಯೇ ಬರೆದು ಕಳುಹಿಸಿದನು. ಹಾಗೆಯೇ ಆಯಿತು.

ಹುಚ್ಚುನಾಯಿ ಕಚ್ಚಿದ 9 ವರುಷದ ಹುಡುಗನಿಗೆ 1885ರಲ್ಲಿ ಅವನು ಸೂಜಿಮದ್ದು ಹಾಕಿಸಿದ ಸಂಗತಿಯನ್ನು ಅನೇಕರು ಕೇಳಿರುವರು. ಅವನ ಹೆಸರಿನ ವೈದ್ಯಶಾಲೆಯು 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಏರ್ಪಟ್ಟಿತು.

ಪಾಶ್ಚರನು 1895ನೆಯ ಸೆಪ್ಟಂಬರ 28ರಂದು ತೀರಿಕೊಂಡನು. ನಮ್ಮ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸವು ಇಂದಿಗೂ ನಡೆಯುತ್ತಲಿದೆ.