ಬೆನ್ನಿನ ನೀರಲ್ಲಿ ರೋಗ ಓದಿದ ವೈದ್ಯ

ಬೆನ್ನಿನ ನೀರು ತೆಗೆಯಬೇಕೆಂದು ವೈದ್ಯರು ಹೇಳಿದರೆ ಸಾಕು, ನಮ್ಮ ಹೊಸದುರ್ಗದ ಕಡೆ ಮನೆಯವರ ಜೀವ ಬಾಯಿಗೆ ಬರುತ್ತದೆ. ಸೊಂಟ ಬಿದ್ದುಹೋಗುತ್ತದೆ ಎಂಬ ಭಯ. ಆದರೆ ಮಿದುಳು ಜ್ವರ ಬಂದವರ ಪ್ರಾಣ ಉಳಿಸುವುದು ಎಷ್ಟೋ ಸಲ ಇದೇ ಪರೀಕ್ಷೆ. ಇದನ್ನು ಜಗತ್ತಿಗೆ ಕೊಟ್ಟವರು ಜರ್ಮನಿಯ ಹೈನ್ರಿಖ್ ಕ್ವಿಂಕೆ.

1842ರಲ್ಲಿ ಹುಟ್ಟಿದ ಅವರು ವೈದ್ಯರ ಮಗ. ಅಣ್ಣ ಭೌತವಿಜ್ಞಾನಿ. 1878ರಿಂದ ಮೂವತ್ತು ವರ್ಷ ಕ್ವಿಂಕೆ ಕೀಲ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದರು. 1890ರ ಡಿಸೆಂಬರ್‌ನಲ್ಲಿ, ಎರಡು ವರ್ಷವೂ ತುಂಬದ, ಪ್ರಜ್ಞೆ ತಪ್ಪಿದ ಮಗುವೊಂದರ ಸೊಂಟದ ಮೂಳೆಗಳ ನಡುವೆ ಸೂಜಿ ಇಳಿಸಿ ಕೆಲವೇ ಮಿಲಿಲೀಟರ್ ದ್ರವ ತೆಗೆದರು. ತಲೆಯೊಳಗಿನ ಒತ್ತಡ ಇಳಿಸುವುದಷ್ಟೇ ಉದ್ದೇಶ. ಮಗು ಚೇತರಿಸಿಕೊಂಡಿತು. ಮರುವರ್ಷ ಈ ವಿಧಾನವನ್ನು ವೈದ್ಯರ ಸಮ್ಮೇಳನದಲ್ಲಿ ಮಂಡಿಸಿದರು. ಹೊರಬಂದ ದ್ರವವನ್ನು ಅವರು ಚೆಲ್ಲಲಿಲ್ಲ. ಅದರ ಒತ್ತಡ, ಪ್ರೋಟೀನ್, ಸಕ್ಕರೆ ಅಳೆದರು. ಚಿಕಿತ್ಸೆಗೆಂದು ಹಿಡಿದ ಸೂಜಿ ರೋಗ ಪತ್ತೆಯ ಸಾಧನವಾಯಿತು. ನೊಬೆಲ್‌ಗೆ ಹಲವು ಸಲ ಹೆಸರು ಸೂಚಿಸಲ್ಪಟ್ಟರೂ ಬಹುಮಾನ ಬರಲಿಲ್ಲ. 1922ರಲ್ಲಿ ತೀರಿಕೊಂಡರು.

ಎಂಜಿನಿಯರಿಂಗ್ ಓದುವ ನನಗೆ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ತೆಗೆದ ದ್ರವವನ್ನು ಯಾವುದರಲ್ಲಿ ಹಿಡಿಯಬೇಕು? ದೊಡ್ಡವರ ಮೈಯಲ್ಲೂ ಅದು ಇರುವುದು ಸುಮಾರು 150 ಮಿಲಿಲೀಟರ್. ಪರೀಕ್ಷೆಗೆ ಸಿಗುವುದು ಒಂದೆರಡು ಚಮಚ. ಅದನ್ನೇ ನಂಬರ್ ಹಾಕಿದ ಮೂರ್ನಾಲ್ಕು ಸ್ಟೆರೈಲ್ ಟ್ಯೂಬ್‌ಗಳಿಗೆ ಹಂಚುತ್ತಾರೆ. ಮುಚ್ಚಳ ಬಿಗಿಯಾಗಿರಬೇಕು. ಬ್ಯಾಕ್ಟೀರಿಯಾ ಕಲ್ಚರ್‌ಗೆ ಕಳಿಸುವ ಟ್ಯೂಬನ್ನು ಫ್ರಿಜ್‌ನಲ್ಲಿ ಇಡಬಾರದು, ಚಳಿಗೆ ಕೆಲವು ರೋಗಾಣು ಸಾಯುತ್ತವೆ. ವೈರಸ್ ಪರೀಕ್ಷೆಯದಕ್ಕೆ ತಂಪು ಬೇಕು. ತಡವಾದರೆ ಜೀವಕೋಶಗಳು ಒಡೆಯುತ್ತವೆ, ಸಕ್ಕರೆ ಕರಗುತ್ತಾ ಹೋಗಿ ವರದಿಯೇ ದಾರಿ ತಪ್ಪಿಸುತ್ತದೆ. ಮರೆವಿನ ಕಾಯಿಲೆ ಆಲ್ಝೈಮರ್ ಪತ್ತೆಗೆ ಅಳೆಯುವ ಅಮೈಲಾಯ್ಡ್ ಪ್ರೋಟೀನ್ ಗಾಜು, ಪಾಲಿಸ್ಟೈರೀನ್ ಗೋಡೆಗೆ ಹೆಚ್ಚು ಅಂಟಿಕೊಳ್ಳುತ್ತದೆ. ಅಂಟಿದಷ್ಟೂ ಲೆಕ್ಕಕ್ಕೆ ಸಿಗದು. ಅದಕ್ಕೇ ಪಾಲಿಪ್ರೊಪಿಲೀನ್ ಟ್ಯೂಬ್. ಮೆಟೀರಿಯಲ್ ಸೈನ್ಸ್ ಪೇಪರ್‌ನಲ್ಲಿ ಎರಡು ಅಂಕಕ್ಕೆ ಬರೆಯುವ ವ್ಯತ್ಯಾಸ ಇಲ್ಲಿ ಒಬ್ಬರ ರೋಗ ಇದೆಯೋ ಇಲ್ಲವೋ ಎಂಬುದನ್ನೇ ಬದಲಿಸಬಲ್ಲದು.

ಹೊಳಲ್ಕೆರೆ, ಹಿರಿಯೂರಿನ ರೋಗಿ ಚಿತ್ರದುರ್ಗಕ್ಕೆ ಬರಬೇಕು. ವಿಶೇಷ ಪರೀಕ್ಷೆಯಾದರೆ ಸ್ಯಾಂಪಲ್ ಸುಮಾರು 200 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕು. ಏಪ್ರಿಲ್ ಬಿಸಿಲಲ್ಲಿ ಆ ದಾರಿಯುದ್ದಕ್ಕೂ ಒಂದೆರಡು ಚಮಚ ನೀರನ್ನು ಕೆಡದಂತೆ ಕಾಯುವ ಕೆಲಸ ವೈದ್ಯರೊಬ್ಬರದೇ ಅಲ್ಲ. ಟ್ಯೂಬ್, ಮುಚ್ಚಳ, ಕೋಲ್ಡ್ ಬಾಕ್ಸ್ ಮಾಡುವವರದೂ ಹೌದು. ಕೆಲಸ ಎಂದರೆ ಸಾಫ್ಟ್‌ವೇರ್ ಒಂದೇ ಎಂದುಕೊಂಡಿರುವ ಗೆಳೆಯರು ಇತ್ತಲೂ ಒಮ್ಮೆ ನೋಡಲಿ.