ಐರಿಷ್ ಮಲ್ಲ ಡ್ಯಾನ್ ಡಾನಲಿ

ಪರಾಧೀನವಾದ ದೇಶದಲ್ಲಿ ಆಟವು ಬರಿಯ ಆಟವಾಗಿ ಉಳಿಯುವುದಿಲ್ಲ. ರಣರಂಗದಲ್ಲಿ ಸೋತು, ಶಾಸನಸಭೆಯಲ್ಲಿ ಸ್ಥಾನವಿಲ್ಲದೆ ಇರುವ ಜನರು ತಮ್ಮ ಮಾನವನ್ನು ಒಬ್ಬ ಮಲ್ಲನ ಭುಜದ ಮೇಲೆ ಹೊರಿಸಿ, ಅವನ ಗೆಲುವಿನಲ್ಲಿ ತಮ್ಮ ಗೆಲುವನ್ನು ಕಾಣುವರು. ಇದು ಸಹಜವೇ ಸರಿ. ಆದರೆ ಆ ಹೊರೆಯನ್ನು ಹೊತ್ತವನ ಗತಿಯೇನಾಯಿತೆಂದು ವಿಚಾರಿಸುವವರು ವಿರಳ. ಐರ್ಲೆಂಡಿನ ಮುಷ್ಟಿಮಲ್ಲನಾದ ಡ್ಯಾನ್ ಡಾನಲಿಯ ಚರಿತ್ರೆಯನ್ನು ನಾವು ಇಂದು ವಾಚಕರ ಮುಂದಿಡುವುದು ಈ ವಿಚಾರಣೆಗಾಗಿಯೇ.

ಡಾನಲಿಯು 1788ರಲ್ಲಿ ಡಬ್ಲಿನ್ ನಗರದ ಬಡವರ ಕೇರಿಯಲ್ಲಿ ಹುಟ್ಟಿದನು. ಬಡಗಿಯ ಕೆಲಸವೇ ಅವನ ಜೀವನೋಪಾಯ. ಅವನು ಹತ್ತು ವರ್ಷದ ಬಾಲಕನಾಗಿದ್ದಾಗ, ಕ್ಯಾಥೊಲಿಕರನ್ನೂ ಪ್ರಾಟೆಸ್ಟೆಂಟರನ್ನೂ ಒಂದೇ ಧ್ವಜದ ಕೆಳಗೆ ತರಬೇಕೆಂದು ಹೊರಟಿದ್ದ ಸಂಯುಕ್ತ ಐರಿಷರ ದಂಗೆಯು ರಕ್ತದಲ್ಲಿ ಮುಳುಗಿತು. 1798ನೆಯ ಮೇ 29ರಂದು, ಕಿಲ್ಡೇರ್ ಪ್ರಾಂತದ ಕರಾ ಬಯಲಿನಲ್ಲಿ, ಆಯುಧಗಳನ್ನೊಪ್ಪಿಸಿ ಶರಣಾಗಲು ಬಂದಿದ್ದ ನೂರಾರು ಮಂದಿ ಬಂಡಾಯಗಾರರನ್ನು ಸರಕಾರದ ಸೈನಿಕರು ಕೊಂದುಹಾಕಿದರು. 1801ರಿಂದ ಡಬ್ಲಿನ್ನಿನ ಪಾರ್ಲಿಮೆಂಟೂ ಇಲ್ಲವಾಯಿತು. ಜನಸಂಖ್ಯೆಯಲ್ಲಿ ಅಧಿಕರಾದ ಕ್ಯಾಥೊಲಿಕರಿಗೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕಿರಲಿಲ್ಲ. ಒಂದಾಗಬಹುದಾಗಿದ್ದ ಎರಡು ಪಂಗಡಗಳ ನಡುವಣ ಬಿರುಕು ಮತ್ತಷ್ಟು ಅಗಲವಾಯಿತು.

ಆ ಕಾಲದ ಮುಷ್ಟಿಯುದ್ಧವು ಇಂದಿನಂತಹದಲ್ಲ. ಕೈಗೆ ಚೀಲವಿಲ್ಲ, ಬರಿಯ ಮುಷ್ಟಿ. ಸುತ್ತಿಗೆ ಗಡಿಯಾರದ ಮಿತಿಯೂ ಇಲ್ಲ. ಒಬ್ಬನು ನೆಲಕ್ಕುರುಳಿದಾಗಲೇ ಒಂದು ಸುತ್ತು ಮುಗಿಯುವುದು. ಅರ್ಧ ನಿಮಿಷದೊಳಗೆ ಅವನು ಮತ್ತೆ ಎದ್ದು ನಿಲ್ಲಬೇಕು. ಈ ವಿದ್ಯೆಯು ತಮ್ಮ ರಾಷ್ಟ್ರಗುಣದ ಕುರುಹೆಂದು ಆಂಗ್ಲರು ಹೆಮ್ಮೆಪಡುತ್ತಿದ್ದರು. ಕ್ಯಾಪ್ಟನ್ ಕೆಲಿ ಎಂಬ ಶ್ರೀಮಂತನು ಡಾನಲಿಯ ದೇಹಬಲವನ್ನು ಗುರುತಿಸಿ ಅವನಿಗೆ ಶಿಕ್ಷಣ ಕೊಡಿಸಿದನು. 1814ನೆಯ ಸೆಪ್ಟೆಂಬರಿನಲ್ಲಿ ಅದೇ ಕರಾ ಬಯಲಿನ ಒಂದು ತಗ್ಗಿನಲ್ಲಿ ಡಾನಲಿಯು ಟಾಮ್ ಹಾಲ್ ಎಂಬ ಆಂಗ್ಲ ಮಲ್ಲನನ್ನು ಎದುರಿಸಿದನು. ಆ ಕಾಳಗವು ತಂಟೆಯಲ್ಲಿ ಮುಗಿಯಿತಾದರೂ ಐರಿಷರು ಅದನ್ನು ತಮ್ಮ ಜಯವೆಂದೇ ಎಣಿಸಿದರು.

ತಂಟೆಗೆಡೆಯಿಲ್ಲದ ಜಯವು 1815ನೆಯ ಡಿಸೆಂಬರ್ 13ರಂದು ದೊರೆಯಿತು. ಎದುರಾಳಿ ಜಾರ್ಜ್ ಕೂಪರ್, ಆಂಗ್ಲ ಮಲ್ಲರಲ್ಲಿ ನುರಿತವನು. ಚಳಿಗಾಲದ ಆ ಬೆಳಗ್ಗೆ ತಗ್ಗಿನ ಸುತ್ತಣ ದಿಬ್ಬಗಳ ಮೇಲೆ 20,000 ಜನರು ನೆರೆದಿದ್ದರೆಂದು ಹೇಳುವರು. 11ನೆಯ ಸುತ್ತಿನಲ್ಲಿ ಡಾನಲಿಯ ಪೆಟ್ಟಿಗೆ ಕೂಪರನ ದವಡೆಯು ಮುರಿಯಿತು. ಹದಿನೇಳು ವರ್ಷಗಳ ಹಿಂದೆ ಯಾವ ಬಯಲಿನಲ್ಲಿ ಐರಿಷರು ನಿರಾಯುಧರಾಗಿ ಸತ್ತಿದ್ದರೋ, ಅದೇ ಬಯಲಿನಲ್ಲಿ ನಿರಾಯುಧನಾದ ಒಬ್ಬ ಬಡಗಿಯು ಆಂಗ್ಲನನ್ನು ಕೆಡಹಿದನು. ಜಯಘೋಷದ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಿಬ್ಬವನ್ನೇರಿ ಹೋದ ಅವನ ಹೆಜ್ಜೆಗುರುತುಗಳನ್ನು ಜನರು ಅಗೆದು ಉಳಿಸಿಕೊಂಡರು. ಆ ತಗ್ಗಿಗೆ ಇಂದಿಗೂ ಡಾನಲಿಯ ಹೆಸರೇ ಇದೆ.

ಆದರೆ ಕೀರ್ತಿಯು ಅವನಿಗೆ ಹಿತವಾಗಲಿಲ್ಲ. ಅವನನ್ನು ಹೊಗಳುವವರೆಲ್ಲ ಅವನಿಗೆ ಕುಡಿಸುವವರೇ ಆದರು. ಅವನು ಡಬ್ಲಿನ್ನಿನಲ್ಲಿ ಒಂದರ ಮೇಲೊಂದು ಪಾನಗೃಹಗಳನ್ನು ತೆರೆದನು. ಲಾಭವೆಲ್ಲ ಅವನ ಗಂಟಲಿನಲ್ಲಿಯೇ ಇಳಿಯಿತು. 1819ನೆಯ ಜುಲೈ 21ರಂದು ಇಂಗ್ಲೆಂಡಿನಲ್ಲಿಯೇ ಟಾಮ್ ಆಲಿವರನನ್ನು 34 ಸುತ್ತುಗಳಲ್ಲಿ ಸೋಲಿಸಿದನು. ಯುವರಾಜನು ಅವನಿಗೆ ಸರ್ ಪದವಿಯನ್ನಿತ್ತನೆಂಬ ಕಥೆಯು ಹಬ್ಬಿತು. ಅದನ್ನು ನಂಬಲು ಆಧಾರವಿಲ್ಲ. ಮರುವರ್ಷ, 1820ನೆಯ ಫೆಬ್ರವರಿ 18ರಂದು, ಮೂವತ್ತೆರಡು ತುಂಬುವ ಮುನ್ನವೇ ಡಾನಲಿಯು ತೀರಿಕೊಂಡನು. ಅವನ ಶವಯಾತ್ರೆಗೆ ಡಬ್ಲಿನ್ ನಗರವು ಕಿಕ್ಕಿರಿದು ಬಂದಿತು.

ಮಣ್ಣಾದ ಮೇಲೂ ಅವನಿಗೆ ವಿಶ್ರಾಂತಿ ದೊರೆಯಲಿಲ್ಲ. ವೈದ್ಯಶಾಲೆಗಳಿಗೆ ಹೆಣಗಳನ್ನು ಮಾರುವ ಕಳ್ಳರು ಅವನ ಗೋರಿಯನ್ನು ಅಗೆದರು. ಅಭಿಮಾನಿಗಳು ರೇಗಿದಾಗ ದೇಹವೇನೋ ಹಿಂದಿರುಗಿತು. ಆದರೆ ಶಸ್ತ್ರವೈದ್ಯನೊಬ್ಬನು ಬಲದೋಳನ್ನು ಕತ್ತರಿಸಿ ಇಟ್ಟುಕೊಂಡನು. ಒಣಗಿ ಕಪ್ಪಾದ ಆ ತೋಳು ಎಡಿನ್‌ಬರೋ ನಗರದ ವಿದ್ಯಾರ್ಥಿಗಳ ಪಾಠದ ವಸ್ತುವಾಗಿ, ಸರ್ಕಸ್ಸಿನವರ ಪ್ರದರ್ಶನದ ಸರಕಾಗಿ, ಬೆಲ್‌ಫಾಸ್ಟಿಗೆ ಬಂದು, ಕೊನೆಗೆ ಕರಾ ಬಯಲಿನ ಬಳಿಯ ಕಿಲ್ಕಲ್ಲನ್ ಊರಿನ ಪಾನಗೃಹದಲ್ಲಿ ಗಾಜಿನ ಪೆಟ್ಟಿಗೆಯನ್ನು ಸೇರಿತು. 2006ರಲ್ಲಿ ಅದನ್ನು ನ್ಯೂಯಾರ್ಕಿಗೂ ಒಯ್ದು ತೋರಿಸಿದರು. ಬದುಕಿದ್ದಾಗ ಅವನನ್ನು ಕೆಡಿಸಿದ್ದು ಪಾನಗೃಹವೇ. ಸತ್ತ ಮೇಲೆ ಅವನ ತೋಳು ಗಿರಾಕಿಗಳನ್ನು ಕರೆದದ್ದೂ ಪಾನಗೃಹಕ್ಕೇ.

ಡಾನಲಿಯ ಜಯವು ವ್ಯರ್ಥವಾಯಿತೆಂದು ನಾವು ಹೇಳುವುದಿಲ್ಲ. ಸೋತು ಕುಗ್ಗಿದ್ದ ಜನರಿಗೆ ಅದು ತಲೆಯೆತ್ತುವ ಧೈರ್ಯವನ್ನು ಕೊಟ್ಟಿತು. ಆದರೆ ಆ ಜಯದಿಂದ ಒಂದು ಕಾನೂನೂ ಬದಲಾಗಲಿಲ್ಲ. ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು 1829ರಲ್ಲಿ ತೆರೆದದ್ದು ಡೇನಿಯಲ್ ಓಕಾನೆಲನು 1823ರಲ್ಲಿ ಕಟ್ಟಿದ ಸಂಘದ ಬಲದಿಂದ. ಬಡವರು ತಿಂಗಳಿಗೊಂದು ಪೆನ್ನಿಯಂತೆ ಕೊಟ್ಟ ಚಂದಾಹಣದಿಂದ. ಮಲ್ಲನ ಮೇಲೆ ಪಣವೊಡ್ಡಿದ ಹಣವು ಒಂದೇ ದಿನದ ಸಂಭ್ರಮವನ್ನು ತಂದಿತು. ಸಂಘಕ್ಕೆ ಕೊಟ್ಟ ಪೆನ್ನಿಯು ಹಕ್ಕನ್ನು ತಂದಿತು. ಕರಾ ಬಯಲು ಕೂಡ ಬಹುಕಾಲ ಆಂಗ್ಲರದೇ ಆಗಿತ್ತು. 1855ರಲ್ಲಿ ಅಲ್ಲಿ ಅವರ ಸೈನ್ಯದ ಶಿಬಿರವು ನಿಂತಿತು; 1922ರಲ್ಲಿ, ದೇಶವು ಇಬ್ಭಾಗವಾದ ಮೇಲೆ, ಅದು ಐರಿಷ್ ಸೈನ್ಯದ ಕೈ ಸೇರಿತು.

1888ರಲ್ಲಿ ಆ ತಗ್ಗಿನಲ್ಲಿ ನಿಲ್ಲಿಸಿದ ಕಲ್ಲುಕಂಬವು ಇಂದಿಗೂ ಇದೆ. ಹೋದವರು ಅವನ ಹೆಜ್ಜೆಗಳಲ್ಲಿ ತಮ್ಮ ಹೆಜ್ಜೆಯಿಟ್ಟು ದಿಬ್ಬವನ್ನೇರುವರು. ಅದು ಒಳ್ಳೆಯದೇ. ಆದರೆ ತನ್ನ ವೀರನ ಹೆಜ್ಜೆಗಳನ್ನೂ ತೋಳನ್ನೂ ಇಷ್ಟು ಜೋಪಾನವಾಗಿ ಕಾಪಾಡಿದ ಜನರು, ಬದುಕಿದ್ದ ಮನುಷ್ಯನನ್ನು ಕಾಪಾಡಲಿಲ್ಲವೆಂಬುದನ್ನೂ ನೆನೆಯಬೇಕು. ನಮ್ಮ ಮಾನವನ್ನು ಮತ್ತೊಬ್ಬನ ತೋಳಿಗೆ ಒಪ್ಪಿಸಿ ನಾವು ದಿಬ್ಬದ ಮೇಲೆ ಕುಳಿತು ಕೂಗುವುದು ಸುಲಭ. ನಮ್ಮ ಪಾಲಿನ ಪೆನ್ನಿಯನ್ನು ತಿಂಗಳು ತಿಂಗಳೂ ತಪ್ಪದೆ ಕೊಡುವುದೇ ಕಷ್ಟ.