ಸ್ಟೀಫನ್ ಹೇಲ್ಸ್

ಸ್ಟೀಫನ್ ಹೇಲ್ಸ್ (17 ಸೆಪ್ಟೆಂಬರ್ 1677 – 4 ಜನವರಿ 1761) ಇಂಗ್ಲೆಂಡಿನ ಪಾದ್ರಿ, ಸಸ್ಯವಿಜ್ಞಾನಿ ಹಾಗೂ ಶರೀರಕ್ರಿಯಾ ವಿಜ್ಞಾನಿ. ಜೀವಂತ ಪ್ರಾಣಿಯ ಅಪಧಮನಿಯೊಳಗೆ ನಳಿಕೆಯನ್ನು ತೂರಿಸಿ ರಕ್ತದೊತ್ತಡವನ್ನು ಮೊದಲ ಬಾರಿಗೆ ಅಳೆದವರು ಇವರು. ತೀವ್ರ ನಿಗಾ ಘಟಕಗಳಲ್ಲಿ ಇಂದು ರೋಗಿಗಳಿಗೆ, ಅದರಲ್ಲೂ ಎಳೆಯ ಮಕ್ಕಳಿಗೆ, ಅಳವಡಿಸುವ ಅಪಧಮನಿ ಕ್ಯಾಥೆಟರ್‌ನ ಇತಿಹಾಸ ಇವರ ಪ್ರಯೋಗದಿಂದಲೇ ಆರಂಭವಾಗುತ್ತದೆ.

ಜನನ ಮತ್ತು ಶಿಕ್ಷಣ

ಹೇಲ್ಸ್ ಕೆಂಟ್ ಪ್ರಾಂತ್ಯದ ಬೀಕ್ಸ್‌ಬೋರ್ನ್ ಗ್ರಾಮದಲ್ಲಿ ಜನಿಸಿದರು. 1696ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯವನ್ನು ಸೇರಿ, 1703ರಲ್ಲಿ ತಮ್ಮ ಕಾಲೇಜಿನ ಫೆಲೋ ಆಗಿ ಆಯ್ಕೆಯಾದರು. ಅಲ್ಲಿ ಗೆಳೆಯ ವಿಲಿಯಂ ಸ್ಟೂಕ್ಲಿಯೊಡನೆ ಸಸ್ಯಗಳನ್ನು ಸಂಗ್ರಹಿಸುವುದು, ಪ್ರಾಣಿಗಳ ಅಂಗಚ್ಛೇದನ ಮಾಡುವುದು ಇವರ ಹವ್ಯಾಸವಾಗಿತ್ತು. 1709ರಲ್ಲಿ ಥೇಮ್ಸ್ ದಂಡೆಯ ಟೆಡಿಂಗ್ಟನ್ ಗ್ರಾಮದ ಪಾದ್ರಿಯಾಗಿ ನೇಮಕಗೊಂಡು, ಕೊನೆಯುಸಿರಿನವರೆಗೂ ಆ ಹುದ್ದೆಯಲ್ಲಿಯೇ ಉಳಿದರು. 1720ರಲ್ಲಿ ಮೇರಿ ನ್ಯೂಸ್ ಅವರನ್ನು ವಿವಾಹವಾದರು. ಆಕೆ ಮರುವರ್ಷವೇ ತೀರಿಕೊಂಡರು. ಹೇಲ್ಸ್ ಮತ್ತೆ ಮದುವೆಯಾಗಲಿಲ್ಲ.

ಕುದುರೆಯ ಪ್ರಯೋಗ

ರಕ್ತವು ದೇಹದಲ್ಲಿ ಪರಿಚಲಿಸುತ್ತದೆ ಎಂಬುದನ್ನು ವಿಲಿಯಂ ಹಾರ್ವೆ 1628ರಲ್ಲಿಯೇ ನಿರೂಪಿಸಿದ್ದರು. ಆದರೆ ಅದು ಎಷ್ಟು ಬಲದಿಂದ ಹರಿಯುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಕೆಲಸಕ್ಕೆ ಬಾರದೆಂದು ಕೊಲ್ಲಲು ನಿರ್ಧರಿಸಿದ್ದ ಹೆಣ್ಣು ಕುದುರೆಯೊಂದನ್ನು ಹೇಲ್ಸ್ ಅಂಗಾತ ಮಲಗಿಸಿ ಕಟ್ಟಿ, ಅದರ ತೊಡೆಯ ಅಪಧಮನಿಯೊಳಗೆ ಹಿತ್ತಾಳೆಯ ಕಿರುನಳಿಕೆಯನ್ನು ಸೇರಿಸಿದರು. ಅದಕ್ಕೆ 9 ಅಡಿ ಉದ್ದದ ಗಾಜಿನ ಕೊಳವೆಯನ್ನು ಜೋಡಿಸಿ ನೆಟ್ಟಗೆ ನಿಲ್ಲಿಸಿದಾಗ, ರಕ್ತವು ಹೃದಯದ ಎಡ ಕುಹರದ ಮಟ್ಟಕ್ಕಿಂತ 8 ಅಡಿ 3 ಅಂಗುಲ ಮೇಲಕ್ಕೇರಿತು. ನಾಡಿಯ ಪ್ರತಿ ಬಡಿತಕ್ಕೂ ಅದು ಕೆಲವು ಅಂಗುಲ ಏರಿಳಿಯುತ್ತಿತ್ತು. ಬಳಿಕ ಸ್ವಲ್ಪ ಸ್ವಲ್ಪವಾಗಿ ರಕ್ತವನ್ನು ಹೊರತೆಗೆಯುತ್ತ, ಪ್ರತಿ ಬಾರಿಯೂ ಎತ್ತರವನ್ನು ಗುರುತು ಹಾಕಿಕೊಂಡರು. ಒತ್ತಡ ಕುಸಿದಂತೆ ಪ್ರಾಣಿ ತಣ್ಣನೆಯ ಬೆವರು ಸುರಿಸಿ ನಿತ್ರಾಣಗೊಂಡು, ಕಡೆಗೆ ಸತ್ತಿತು. ರಕ್ತಸ್ರಾವದಿಂದ ಉಂಟಾಗುವ ಆಘಾತಸ್ಥಿತಿಯ ಮೊದಲ ಅಳತೆಬದ್ಧ ವರ್ಣನೆ ಇದೆಂದು ಹೇಳಬಹುದು. ಪ್ರಯೋಗದ ಕ್ರೌರ್ಯವನ್ನು ಸಮಕಾಲೀನರೂ ಗಮನಿಸದೆ ಇರಲಿಲ್ಲ. ನೆರೆಯವರೂ ಸ್ನೇಹಿತರೂ ಆಗಿದ್ದ ಕವಿ ಅಲೆಕ್ಸಾಂಡರ್ ಪೋಪ್ ಇದನ್ನು ಒಪ್ಪುತ್ತಿರಲಿಲ್ಲ. ಈ ಪ್ರಯೋಗಗಳ ವಿವರ 1733ರಲ್ಲಿ ಪ್ರಕಟವಾದ 'ಹೀಮಾಸ್ಟ್ಯಾಟಿಕ್ಸ್' ಗ್ರಂಥದಲ್ಲಿದೆ.

ಪ್ರಯೋಗದ ಮುಂದುವರಿಕೆ

ಫ್ರಾನ್ಸಿನ ಪ್ವಾಸೇಯ್ 1828ರಲ್ಲಿ ಉದ್ದ ಕೊಳವೆಯ ಬದಲು ಪಾದರಸದ ಮಾಪಕವನ್ನು ಬಳಸಿದರು. ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣವನ್ನು ತುಂಬಿದರು. ಹೆಪ್ಪುಗಟ್ಟುವ ಈ ತೊಡಕು ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ಮಕ್ಕಳಲ್ಲಿ ಸಾಮಾನ್ಯವಾಗಿ ಮಣಿಕಟ್ಟಿನ ಅಪಧಮನಿಗೆ, ಕೆಲವೊಮ್ಮೆ ತೊಡೆಯ ಇಲ್ಲವೆ ಪಾದದ ಅಪಧಮನಿಗೆ, ನವಜಾತ ಶಿಶುಗಳಲ್ಲಿ ಹೊಕ್ಕುಳಿನ ಅಪಧಮನಿಗೆ ಕ್ಯಾಥೆಟರ್ ಹಾಕಲಾಗುತ್ತದೆ. ಮಗುವಿನ ರಕ್ತನಾಳ ಕಿರಿದಾದುದರಿಂದ ನಳಿಕೆಯೇ ಅದರ ಬಹುಭಾಗವನ್ನು ತುಂಬಿಬಿಡುತ್ತದೆ. ನಾಳವು ಸೆಳೆತದಿಂದ ಸಂಕುಚಿಸಿದರೆ ಅಥವಾ ಒಳಗೆ ಹೆಪ್ಪು ಕಟ್ಟಿದರೆ ಬೆರಳುಗಳು ಬಿಳಿಚಿ ತಣ್ಣಗಾಗುತ್ತವೆ. ಸಕಾಲದಲ್ಲಿ ನಳಿಕೆಯನ್ನು ತೆಗೆಯದಿದ್ದರೆ, ವಿರಳವಾಗಿಯಾದರೂ, ಅಂಗಾಂಶ ಸಾಯಬಹುದು. ಹೊಕ್ಕುಳಿನ ಕ್ಯಾಥೆಟರ್‌ನಿಂದ ಹೊರಟ ಹೆಪ್ಪು ಮೂತ್ರಪಿಂಡಕ್ಕೋ ಕಾಲಿಗೋ ರಕ್ತ ಹರಿಯದಂತೆ ತಡೆಯಬಲ್ಲದು. ಸೋಂಕು ಮತ್ತೊಂದು ಅಪಾಯ. ಅಭಿಧಮನಿಗೆ ಕೊಡಬೇಕಾದ ಔಷಧವನ್ನು ತಪ್ಪಿ ಅಪಧಮನಿಗೆ ಚುಚ್ಚುವುದೂ ಗಂಭೀರ ಹಾನಿ ಮಾಡುತ್ತದೆ.

ಹೇಲ್ಸ್ ಕುದುರೆಯಲ್ಲಿ ಕಂಡ ಸಂಗತಿ ಇಲ್ಲಿ ಬೇರೆ ಅಳತೆಯಲ್ಲಿ ಎದುರಾಗುತ್ತದೆ. ನವಜಾತ ಶಿಶುವಿನ ದೇಹದಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 80ರಿಂದ 90 ಮಿಲಿಲೀಟರ್ ರಕ್ತ ಮಾತ್ರ ಇರುತ್ತದೆ. ನಳಿಕೆಯ ಜೋಡಣೆ ಸಡಿಲಗೊಂಡು ಗಮನಕ್ಕೆ ಬಾರದೆ ಹೋದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಅಪಾಯ. ಪರೀಕ್ಷೆಗಾಗಿ ಪದೇ ಪದೇ ತೆಗೆಯುವ ಒಂದೆರಡು ಮಿಲಿಲೀಟರ್ ರಕ್ತವೂ ಸೇರಿ ರಕ್ತಹೀನತೆಗೆ ಕಾರಣವಾಗುತ್ತದೆ. ಆದ್ದರಿಂದಲೇ ಒತ್ತಡ ಇಳಿದಾಗ ಎಚ್ಚರಿಸುವ ಗಂಟೆಯನ್ನು ಚಾಲೂ ಇಡುವುದು, ಕ್ಯಾಥೆಟರ್ ಹಾಕಿದ ಕೈಯನ್ನು ಹೊದಿಕೆಯಿಂದ ಮುಚ್ಚದಿರುವುದು ರೂಢಿಯಲ್ಲಿವೆ.

ಇತರ ಕೊಡುಗೆಗಳು

1727ರ 'ವೆಜಿಟೆಬಲ್ ಸ್ಟ್ಯಾಟಿಕ್ಸ್' ಗ್ರಂಥದಲ್ಲಿ ಸಸ್ಯಗಳು ನೀರನ್ನು ಹೀರಿ ಎಲೆಗಳ ಮೂಲಕ ಹೊರಬಿಡುವ ಪ್ರಮಾಣವನ್ನು ಹೇಲ್ಸ್ ಅಳೆದು ತೋರಿಸಿದರು. ನೀರಿನ ಮೂಲಕ ಅನಿಲವನ್ನು ಸಂಗ್ರಹಿಸುವ ಇವರ ಉಪಕರಣ ಮುಂದೆ ರಸಾಯನಶಾಸ್ತ್ರಜ್ಞರಿಗೆ ಬಹಳ ಉಪಯುಕ್ತವಾಯಿತು. ಹಡಗು, ಸೆರೆಮನೆಗಳಿಗೆ ಶುದ್ಧ ಗಾಳಿಯನ್ನು ಒದಗಿಸುವ ಯಂತ್ರಗಳನ್ನು ರೂಪಿಸಿದರು. ಜಿನ್ ಮದ್ಯದ ಹಾವಳಿಯ ವಿರುದ್ಧ ಕಿರುಹೊತ್ತಿಗೆ ಬರೆದರು. 1718ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1739ರಲ್ಲಿ ಕಾಪ್ಲೆ ಪದಕ ಇವರಿಗೆ ಸಂದವು.

ನಿಧನ

1761ರಲ್ಲಿ ಟೆಡಿಂಗ್ಟನ್‌ನಲ್ಲಿ ನಿಧನರಾದ ಹೇಲ್ಸ್ ಅವರನ್ನು ಅಲ್ಲಿನ ಚರ್ಚಿನ ಗೋಪುರದ ಕೆಳಗೆ ಸಮಾಧಿ ಮಾಡಲಾಯಿತು. ರಾಜಕುಮಾರಿ ಆಗಸ್ಟಾ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಇವರ ಸ್ಮಾರಕವನ್ನು ಸ್ಥಾಪಿಸಿದರು. ಉತ್ತರ ಅಮೆರಿಕದ ಬಿಳಿ ಹೂವಿನ ಮರವೊಂದರ ಕುಲಕ್ಕೆ ಹಲೀಸಿಯಾ ಎಂದು ಇವರ ಹೆಸರನ್ನಿಡಲಾಗಿದೆ.